ಎರಡೂ ಒಂದೇ ಥರ ಕಾಣೋ ಅಲ್ಯೂಮಿನಿಯಂ ಬೋಟಲ್ಲಿ ಮನೆಗೆ ಯಾವುದು ತರೋದು?

ಹೋದ ವರ್ಷ ನಮ್ಮನೆ ಮುಂದೆ ಬೋಟು ಬಂದು ನಿಂತಾಗಿಂದ ಟ್ವಿನ್ ಸಿಟೀಸ್ (ಮಿನಿಯಾಪೊಲಿಸ್-ಸೇಂಟ್ ಪಾಲ್) ಕಡೆ ಇರೋ ನಾಲ್ಕೈದು ಕನ್ನಡದವರು ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. ಎರಡು ಫಿಶಿಂಗ್ ಬೋಟು ನೋಡಿಟ್ಟಿದೀವಿ, ಎರಡೂ ಅಲ್ಯೂಮಿನಿಯಂ, ಎರಡೂ ಹದಿನಾರೂವರೆ ಹದಿನೇಳು ಅಡಿ, ರೇಟೂ ಹೆಚ್ಚುಕಮ್ಮಿ ಒಂದೇ, ಯಾವುದು ತಗೊಳ್ಳೋದು ಮಾರಾಯ್ರೆ? ಪ್ರತಿ ಸಲ ಮುಕ್ಕಾಲು ಗಂಟೆ ಅದೇ ಕಥೆ ಹೇಳೋ ಬದಲು ಒಂದ್ಸಲ ಬರೆದು ಹಾಕೋಣ ಅಂತ ಕೂತೆ. ಮಿನೆಸೋಟದಲ್ಲಿ ಇರೋರಿಗೆ ಇದು ಸೀದಾ ಉಪಯೋಗಕ್ಕೆ ಬರತ್ತೆ, ವಿಸ್ಕಾನ್ಸಿನ್ ಮಿಷಿಗನ್ ಕಡೆಯವರು ಕಾನೂನಿನ ಭಾಗ ಮಾತ್ರ ನಿಮ್ಮ ಸ್ಟೇಟಿಗೆ ಏನಿದೆ ಅಂತ ನೋಡ್ಕೊಳಿ.

ನಾನು ಕುಂದಾಪುರದವನು, ಚಿಕ್ಕವನಿದ್ದಾಗ ದೋಣಿ ಹತ್ತಿ ಗಂಗೊಳ್ಳಿಗೆ ಹೋಗಿ ಬರ್ತಿದ್ದವನು, ಹಾಗಾಗಿ ದೋಣಿ ಬಗ್ಗೆ ನಂಗೆ ಯಾರೂ ಹೇಳ್ಕೊಡೋದು ಬೇಡ ಅನ್ನೋ ಕೊಬ್ಬು ಇತ್ತು. ಆ ಕೊಬ್ಬಲ್ಲೇ ನಾಲ್ಕು ವರ್ಷದ ಹಿಂದೆ ಮಿಲ್ ಲ್ಯಾಕ್ಸ್ ಕೆರೆಗೆ ಹೋಗಿ 14 ಅಡಿ ಬಾಡಿಗೆ ಬೋಟು ತಗೊಂಡೆ. ಊರಿಂದ ಬಂದಿದ್ದ ಅಮ್ಮ ದಡದಲ್ಲಿ ನಿಂತು ಒಂದ್ಸಲ ನೀರು ನೋಡಿ "ಗಾಳಿ ಬತ್ತಿತ್ ಮಗಾ, ನಾ ಬತ್ತಿಲ್ಲೆ" ಅಂದ್ರು, ನಾನು ನಕ್ಕೆ. ಆ ಕೆರೆ 1,32,000 ಎಕರೆ ಇದೆ, ಆದ್ರೆ ಎಲ್ಲಕ್ಕಿಂತ ಆಳ ಇರೋ ಕಡೆನೇ 42 ಅಡಿ ಅಷ್ಟೆ, ಅಷ್ಟು ದೊಡ್ಡ ತಟ್ಟೇಲಿ ಅಷ್ಟು ಕಮ್ಮಿ ನೀರು ಇದ್ರೆ ಗಾಳಿ ಎದ್ದ ಅರ್ಧ ಗಂಟೇಲಿ ಅಲೆ ಗಿಡ್ಡಗಿಡ್ಡಕ್ಕೆ ಒಂದರ ಹಿಂದೊಂದು ಹೊಡ್ಯೋಕೆ ಶುರು ಮಾಡತ್ತೆ, ಸಮುದ್ರದ ಅಲೆ ಥರ ಎತ್ತಿ ಇಳಿಸಲ್ಲ, ಕೆನ್ನೆಗೆ ಬಾರಿಸ್ದಂಗೆ ಬಾರಿಸತ್ತೆ. ವಾಪಸ್ ಬರೋಷ್ಟ್ರಲ್ಲಿ ಹೆಂಡತಿ ಮಕ್ಕಳು ಪೂರ್ತಿ ಒದ್ದೆ, ಪುಳಿಯೋಗರೆ ಡಬ್ಬಿ ಒಳಗೂ ನೀರು. ದಡಕ್ಕೆ ಇಳಿದು ಅವಳು ಹೇಳಿದ್ದು "ರೀ, ಇನ್ಮೇಲೆ ನೀವೊಬ್ರೇ ಹೋಗ್ಬನ್ನಿ". ಫ್ಯಾಮಿಲಿ ಬೋಟಿಗೆ ನಂದು ಅವತ್ತಿಂದ ಒಂದೇ ಪರೀಕ್ಷೆ, ಮನೆಯವರು ಎರಡನೇ ಸಲ ತಾವಾಗೇ ಬರ್ತೀವಿ ಅಂತಾರಾ ಇಲ್ವಾ. ಮೀನು ಹಿಡಿಯೋಕೆ ಎರಡೂ ಬೋಟಲ್ಲಿ ಆಗತ್ತೆ, ಗಾಳ ಹಾಕೋಕೆ ಏನು, ಬಕೆಟ್ ಮೇಲೆ ಕೂತೂ ಹಾಕ್ಬಹುದು.

ನಾನು ಕೊನೆಗೆ ನೋಡಿಟ್ಟ ಎರಡು ಬೋಟಲ್ಲಿ ಒಂದು ಕೆಂಪು, ಒಂದು ಬೂದಿ ಬಣ್ಣ, ಎರಡೂ ಸೆಕೆಂಡ್ ಹ್ಯಾಂಡ್. ಉದ್ದದಲ್ಲಿ ಮೂರು ಇಂಚು ವ್ಯತ್ಯಾಸ. ಎರಡರಲ್ಲೂ ಹಿಡಿದ ಮೀನನ್ನ ಜೀವಂತ ಇಡೋ ಲೈವ್‌ವೆಲ್ ತೊಟ್ಟಿ, ಮೀನು ಹುಡುಕೋ ಸ್ಕ್ರೀನು, ಮುಂದೆ ನಿಧಾನಕ್ಕೆ ಓಡಿಸೋ ಚಿಕ್ಕ ಟ್ರೋಲಿಂಗ್ ಮೋಟಾರು, ನಾಲ್ಕು ಸೀಟು. ಬೂದಿ ಬೋಟಿಗೆ ಎರಡು ಸಾವಿರ ಡಾಲರ್ ಜಾಸ್ತಿ ಕೇಳ್ತಿದ್ರು, ಫೋಟೋ ನೋಡಿದ್ರೆ ಯಾಕೆ ಜಾಸ್ತಿ ಅಂತಾನೇ ಗೊತ್ತಾಗ್ತಿರಲಿಲ್ಲ. ಟೇಪು ತಗೊಂಡು ಹೋಗಿ ಅಳೆದ ಮೇಲೆ ಗೊತ್ತಾಯ್ತು. ಹಾಗಾಗಿ ಮೊದಲನೇ ಮಾತು, ಬೋಟು ನೋಡೋಕೆ ಹೋಗುವಾಗ ಜೇಬಲ್ಲಿ ಅಳತೆ ಟೇಪು ಇರ್ಲಿ, ಜೊತೇಲಿ ಮಕ್ಕಳೂ ಇರ್ಲಿ.

ಉದ್ದ ಬಿಡಿ, ಅಗಲ ಅಳೀರಿ. ಕೆಂಪು ಬೋಟು 76 ಇಂಚು, ಬೂದಿಯದು 84. ಎಂಟೇ ಇಂಚು ಅಂತ ಅನ್ಸತ್ತೆ, ಆದ್ರೆ ಮಗುವಿನ ಗಾಳಕ್ಕೆ ಒಂದು ಮೀನು ಸಿಕ್ಕಾಗ ಬೋಟಲ್ಲಿರೋರೆಲ್ಲ "ಎಲ್ಲಿ ಎಲ್ಲಿ" ಅಂತ ಒಂದೇ ಪಕ್ಕಕ್ಕೆ ಬಗ್ತಾರಲ್ಲ, ಅವಾಗ ಆ ಎಂಟು ಇಂಚಿನ ಬೆಲೆ ಗೊತ್ತಾಗತ್ತೆ. ಆಮೇಲೆ ಒಳಗಿನ ಆಳ, ಅಂದ್ರೆ ನೆಲದಿಂದ ಬೋಟಿನ ಅಂಚಿನ ತನಕ. ಕೆಂಪು ಬೋಟಲ್ಲಿ 22 ಇಂಚು, ನಮ್ಮ ಐದು ವರ್ಷದ ಮಗಳನ್ನ ನಿಲ್ಲಿಸಿದ್ರೆ ಅಂಚು ತೊಡೆ ಮಟ್ಟಕ್ಕೆ ಬರ್ತಿತ್ತು, ಬೂದಿ ಬೋಟಲ್ಲಿ 27, ಹೊಟ್ಟೆ ಮಟ್ಟಕ್ಕೆ. ತೊಡೆಗೆ ತಾಗೋ ಅಂಚು ಮಗುವನ್ನ ತಡೆಯಲ್ಲ, ಮಗುಚಿ ಹಾಕತ್ತೆ. ಇದನ್ನ ಯಾವ ಬ್ರೋಷರಲ್ಲೂ ಹಿಂಗೆ ಬರೆದಿರಲ್ಲ.

ಅದೇ ಥರ ಮುಂದಿನ ಡೆಕ್ಕು. ಮೀನು ಹಿಡಿಯೋರಿಗೆ ಅಂತಾನೇ ಮಾಡಿರೋ ಬೋಟಲ್ಲಿ ಮುಂದೆ ಎತ್ತರಕ್ಕೆ ಒಂದು ದೊಡ್ಡ ಜಗಲಿ ಇರತ್ತೆ, ಅದರ ಮೇಲೆ ನಿಂತು ಗಾಳ ಬೀಸೋಕೆ. ನೋಡೋಕೆ ಭಾರಿ ಚೆಂದ, ಕೆಂಪು ಬೋಟಿಂದಂತೂ ನನ್ನ ಕಣ್ಣು ಕುಕ್ಕಿತ್ತು. ಆದ್ರೆ ಆ ಜಗಲಿ ಮೇಲೆ ನಿಂತ್ರೆ ಬೋಟಿನ ಅಂಚು ಪಾದದ ಗಂಟಿಗೆ ಬರತ್ತೆ. ದೊಡ್ಡೋರು ಸಂಭಾಳಿಸ್ತಾರೆ, ಮಕ್ಕಳು ಹೋಗಿ ಕೂರೋ ಜಾಗ ಮಾತ್ರ ಯಾವಾಗ್ಲೂ ಅದೇನೇ, ಎಷ್ಟು ಬೈದ್ರೂ. ಕೆಲವು ಬೋಟಲ್ಲಿ ಆ ಡೆಕ್ಕಿನ ಹಲಗೆ ತೆಗೆದ್ರೆ ಕೆಳಗೆ ಎದುರುಬದುರು ಕೂರೋ ಸೀಟಾಗತ್ತೆ, ಬೆನ್ನಿಗೆ ಮೆತ್ತೆ ಹಾಕ್ಬಹುದು. ಅದು ಸಿಕ್ರೆ ಬಿಡ್ಬೇಡಿ, ಮೀನು ಹಿಡಿಯೋ ದಿನ ಡೆಕ್ಕು, ಮಕ್ಕಳು ಬಂದ ದಿನ ಸೀಟು.

ವಿಂಡ್‌ಶೀಲ್ಡ್ ವಿಷಯ. ಸೈಡ್ ಕನ್ಸೋಲ್ ಅಂದ್ರೆ ಓಡಿಸೋನ ಮುಂದೆ ಮಾತ್ರ ಒಂದು ಚಿಕ್ಕ ಗಾಜು, ಪಕ್ಕದಲ್ಲಿರೋರ ಮುಖಕ್ಕೆ ಸೀದಾ ಗಾಳಿ. ಪೂರ್ತಿ ವಿಂಡ್‌ಶೀಲ್ಡ್ ಇದ್ರೆ ಎರಡೂ ಕಡೆ ಗಾಜು, ನಡುವೆ ಬಾಗಿಲ ಥರ ತೆಗೆದು ಮುಂದೆ ಹೋಗ್ಬಹುದು. ಮೀನುಗಾರ ಸ್ನೇಹಿತರು ಸೈಡ್ ಕನ್ಸೋಲೇ ತಗೋ, ಜಾಗ ಜಾಸ್ತಿ ಅಂತ ಹೇಳ್ತಾರೆ, ಅವರ ಲೆಕ್ಕಕ್ಕೆ ಸರಿ. ಇಲ್ಲಿ ಫಿಶಿಂಗ್ ಸೀಸನ್ ಶುರುವಾಗೋದೇ ಮೇ ಮಧ್ಯದಲ್ಲಿ, ಅವಾಗ ಬೆಳಗ್ಗೆ ಏಳಕ್ಕೆ ನೀರ ಮೇಲೆ ಮೂವತ್ತು ಮೈಲಿ ಸ್ಪೀಡಲ್ಲಿ ಹೋದ್ರೆ ಕಣ್ಣಲ್ಲಿ ನೀರು ಹರಿಯತ್ತೆ, ಬೆಂಗ್ಳೂರಿಂದ ಬಂದಿರೋ ಅತ್ತೆ ಮಾವನ್ನ ಆ ಗಾಳಿಗೆ ಕೂರಿಸಿ ನೋಡಿ, ಮಾರನೇ ದಿನಕ್ಕೆ ಕಷಾಯ ರೆಡಿ ಇಟ್ಕೊಬೇಕು. ಮಕ್ಕಳಿದ್ರೆ ಪೂರ್ತಿ ಗಾಜೇ ತಗೊಳಿ, ಇದರಲ್ಲಿ ನಂಗೆ ಎರಡನೇ ಮಾತಿಲ್ಲ.

ನೆಲ ಕಾರ್ಪೆಟ್ಟೋ ವಿನೈಲೋ ನೋಡಿ. ಕಾರ್ಪೆಟ್ ಕಾಲಿಗೆ ಮೆತ್ತಗೆ, ಆದ್ರೆ ಒಂದ್ಸಲ ಮೊಸರನ್ನ ಚೆಲ್ಲಿದ್ರೆ, ಒಂದ್ಸಲ ಮೀನಿನ ಲೋಳೆ ಬಿದ್ರೆ, ಬೇಸಿಗೆ ಮುಗಿಯೋ ತನಕ ಅದೇ ವಾಸನೆ. ಮೇಲಿಂದ ಗಾಳದ ಕೊಕ್ಕೆ ಸಿಕ್ಕಾಕೊಂಡ್ರೆ ಚಾಕು ಹಾಕ್ಬೇಕು. ವಿನೈಲಾದ್ರೆ ಪೈಪ್ ಹಿಡಿದು ತೊಳೆದ್ರಾಯ್ತು.

ಈಗ ಬೋಟಿನ ಶೀಟು ಜೋಡ್ಸಿರೋದು ರಿವೆಟ್ಟಲ್ಲೋ (ಬಡಿದು ಕೂರ್ಸೋ ಮೊಳೆ) ವೆಲ್ಡಲ್ಲೋ ಅನ್ನೋ ಜಗಳ. ಇಲ್ಲಿ ಇದು ಹೋಟ್ಲಲ್ಲಿ ಮಸಾಲೆ ದೋಸೆಗೆ ಕೆಂಪು ಚಟ್ನಿ ಬೇಕಾ ಬೇಡ್ವಾ ಅನ್ನೋ ಥರ, ಮುಗಿಯದ ಚರ್ಚೆ. ನ್ಯೂಯಾರ್ಕ್ ಮಿಲ್ಸ್ ಅನ್ನೋ ಊರಲ್ಲಿ 1948ರಲ್ಲಿ ಶುರುವಾದ ಲುಂಡ್ ರಿವೆಟ್ಟು ಹೊಡೆದು ಮಾಡತ್ತೆ, ಲಿಟಲ್ ಫಾಲ್ಸಲ್ಲಿ 1946ರಲ್ಲಿ ಶುರುವಾದ ಕ್ರೆಸ್ಟ್‌ಲೈನರ್ ವೆಲ್ಡ್‌ಗೆ ಹೆಸರುವಾಸಿ, ಎರಡೂ ಮಿನೆಸೋಟದ ಊರೇ, ಮಜಾ ಅಂದ್ರೆ ಇವತ್ತು ಎರಡಕ್ಕೂ ಯಜಮಾನ ಬ್ರನ್ಸ್‌ವಿಕ್ ಅನ್ನೋ ಒಂದೇ ಕಂಪನಿ. ರಿವೆಟ್ಟು ವರ್ಷ ಕಳೆದ ಹಾಗೆ ಸಡ್ಲ ಆಗಿ ನೀರು ಜಿನುಗ್ಬಹುದು, ಆದ್ರೆ ಒಂದೆರಡು ರಿವೆಟ್ಟನ್ನ ಮತ್ತೆ ಬಡಿದು ಬಿಗಿ ಮಾಡೋದು ಸಣ್ಣ ಕೆಲಸ. ವೆಲ್ಡು ಜಿನುಗಲ್ಲ, ಬಿರುಕು ಬಿಟ್ರೆ ಮಾತ್ರ ತೆಳು ಅಲ್ಯೂಮಿನಿಯಂ ವೆಲ್ಡ್ ಮಾಡೋಕೆ ಗೊತ್ತಿರೋನನ್ನ ಹುಡುಕ್ಬೇಕು. ಹದಿನೇಳು ಅಡಿ ಬೋಟು, ವಾರಕ್ಕೊಂದು ದಿನ ಓಡಿಸೋರಿಗೆ ಎರಡೂ ಸಾಕು. ಇದರ ಮೇಲೆ ತೀರ್ಮಾನ ಮಾಡ್ಬೇಡಿ. ತಳದ ಶೀಟು ಎಷ್ಟು ದಪ್ಪ ಅಂತ ಬೇಕಾದ್ರೆ ಕೇಳಿ, .100 ಇಂಚು ಅಂದ್ರೆ ಎರಡೂವರೆ ಮಿಲಿಮೀಟರ್, ಅಷ್ಟಿದ್ರೆ ಚೆನ್ನಾಯ್ತು. ತಳದ ವಿ ಆಕಾರ ಇದಕ್ಕಿಂತ ಮುಖ್ಯ. ವಿ ಚೂಪಿದ್ದಷ್ಟೂ ಅಲೆ ಸೀಳ್ಕೊಂಡು ಹೋಗತ್ತೆ, ಚಪ್ಪಟೆ ಇದ್ದಷ್ಟೂ ನಿಂತಾಗ ಅಲ್ಲಾಡಲ್ಲ ಆದ್ರೆ ಓಡುವಾಗ ಬೆನ್ನುಮೂಳೆ ಎಣಿಸತ್ತೆ. ಚಿಕ್ಕ ಕೆರೇಲೇ ಇರ್ತೀರಿ ಅಂದ್ರೆ ಚಪ್ಪಟೆ ನಡೆಯತ್ತೆ, ಮಿಲ್ ಲ್ಯಾಕ್ಸ್ ಥರದ್ದಕ್ಕೆ ಹೋಗೋರು ಚೂಪು ವಿ ಇರೋದೇ ನೋಡಿ.

ಮೋಟಾರಲ್ಲೇ ಜನ ಏಮಾರೋದು. ಸೆಕೆಂಡ್ ಹ್ಯಾಂಡ್ ಬೋಟಿಗೆ ಕೊಡೋ ದುಡ್ಡಲ್ಲಿ ದೊಡ್ಡ ಪಾಲು ಮೋಟಾರಿಂದೇ, ಹೊಸ 60 ಹೆಚ್‌ಪಿ ತಗೊಳ್ಳೋಕೆ ಹೋದ್ರೆ ಹತ್ತು ಸಾವಿರ ಡಾಲರ್ ಆಸುಪಾಸು ಆಗತ್ತೆ, ಆದ್ರೂ ಎಲ್ಲರೂ ನೋಡೋದು ಸೀಟಿನ ಬಣ್ಣ. ಕೆಂಪು ಬೋಟಲ್ಲಿ ಇದ್ದಿದ್ದು 60, ಬೂದಿಯಲ್ಲಿ 90. 20 ಅಡಿ ಒಳಗಿನ ಬೋಟಿಗೆಲ್ಲ ಒಳಗಡೆ ಒಂದು ಪ್ಲೇಟು ಹೊಡೆದಿರ್ಬೇಕು, ಎಷ್ಟು ಜನ, ಒಟ್ಟು ಎಷ್ಟು ಪೌಂಡು, ಮೋಟಾರು ಗರಿಷ್ಠ ಎಷ್ಟು ಹೆಚ್‌ಪಿ ಅಂತ. ಆ ಗರಿಷ್ಠದಲ್ಲಿ ಮುಕ್ಕಾಲು ಭಾಗಕ್ಕಿಂತ ಕಮ್ಮಿ ಇರೋ ಮೋಟಾರು ಹಾಕಿದ್ರೆ, ಅಂದ್ರೆ 90 ಹಾಕೋ ಬೋಟಿಗೆ 50 ಹಾಕಿದ್ರೆ, ಒಬ್ಬನೇ ಇದ್ದಾಗ ಸರಿ, ಐದು ಜನ ಕೂತು ಕೂಲರ್ ಇಟ್ಟ ತಕ್ಷಣ ಮೂತಿ ಆಕಾಶಕ್ಕೆ ಎತ್ತಿ ಹಿಂಬದಿ ನೀರಲ್ಲಿ ಎಳ್ಕೊಂಡು ಹೋಗತ್ತೆ, ಪ್ಲೇನ್ ಆಗೋದೇ ಇಲ್ಲ, ಅಂದ್ರೆ ನೀರ ಮೇಲೆದ್ದು ಜಾರ್ಕೊಂಡು ಹೋಗಲ್ಲ. ಹಾಗಾಗಿ ಟೆಸ್ಟ್ ಡ್ರೈವಿಗೆ ಪೂರ್ತಿ ಮನೆಮಂದಿ ಹೋಗಿ. ಮಾರೋನು ನೀವು ಇಬ್ಬರೇ ಹೋದ್ರೆ ಯಾವ ಬೋಟೂ ಬಾಣದ ಥರಾನೇ ಹೋಗತ್ತೆ. ಆದ್ರೆ ಪ್ಲೇಟಿನ ಲೆಕ್ಕ ಮರೀಬೇಡಿ, ಫೋರ್ ಸ್ಟ್ರೋಕ್ 60 ಸುಮಾರು 250 ಪೌಂಡು, 90 ಸುಮಾರು 360, ಆ ನೂರು ಪೌಂಡು ಹಿಂದೆ ನೇತಾಡ್ತಿರತ್ತೆ. ಪ್ಲೇಟಲ್ಲಿ ಆರು ಜನ ಅಂತಿದ್ರೂ ಪಕ್ಕದಲ್ಲಿರೋ ಪೌಂಡಿನ ಲೆಕ್ಕ ಆರರಿಂದ ಭಾಗಿಸಿ ನೋಡಿ, ತಲೆಗೆ ನೂರ ನಲವತ್ತು ನೂರ ಐವತ್ತೇ ಬರತ್ತೆ, ನಮ್ಮ ಮಾವನೊಬ್ಬರೇ ಅದನ್ನ ದಾಟ್ತಾರೆ.

ಎಳ್ಕೊಂಡು ಹೋಗೋ ಗಾಡಿ. ನಮ್ಮ ಜನದ ಹತ್ರ ಇರೋದು ಒಂದೋ ಹೋಂಡಾ ಸಿಆರ್‌ವಿ ಇಲ್ಲ ಟೊಯೋಟಾ ಸಿಯೆನ್ನಾ. ಸಿಆರ್‌ವಿ ಎಳೆಯೋದು 1,500 ಪೌಂಡು, ಹೈಬ್ರಿಡ್ ಆದ್ರೆ ಇನ್ನೂ ಕಮ್ಮಿ, ಹದಿನೇಳು ಅಡಿ ಬೋಟು, ಮೋಟಾರು, ಟ್ರೇಲರು, ಬ್ಯಾಟರಿ, ಗ್ಯಾಲನ್ನಿಗೆ ಆರು ಪೌಂಡಿನ ಲೆಕ್ಕದಲ್ಲಿ ಪೆಟ್ರೋಲು ಎಲ್ಲ ಸೇರಿಸಿದ್ರೆ ಎರಡು ಸಾವಿರ ಆರಾಮಾಗಿ ದಾಟತ್ತೆ, ಹಾಗಾಗಿ ಆಗಲ್ಲ. ಸಿಯೆನ್ನಾ 3,500 ಎಳೆಯತ್ತೆ, ಬೂದಿ ಬೋಟು ಎಲ್ಲ ಸೇರಿ 2,600 ಚಿಲ್ಲರೆ ಬಂತು, ಟ್ರಕ್ಕುಗಳು ತೂಗೋ ಕಡೆ ನಿಲ್ಲಿಸಿ ತೂಕ ಹಾಕಿಸ್ದೆ. ಈ ತೂಕ ಹಾಕಿಸೋದ್ರಲ್ಲಿ ಇನ್ನೊಂದು ಲಾಭ ಇದೆ. ಈ ಸೈಜಿನ ಬೋಟು ನೀರು ತುಂಬಿದ್ರೂ ಮಟ್ಟಸವಾಗಿ ತೇಲ್ಬೇಕು ಅಂತ ಕಾನೂನಿದೆ, ಅದಕ್ಕೆ ನೆಲದ ಕೆಳಗೆ ಫೋಮ್ ತುಂಬಿರ್ತಾರೆ. ಹಳೇ ಬೋಟಲ್ಲಿ ಆ ಫೋಮು ವರ್ಷಗಟ್ಟಲೆ ನೀರು ಕುಡಿದು ಸ್ಪಂಜಿನ ಥರ ಆಗಿರತ್ತೆ, ಹೊರಗಿಂದ ಗೊತ್ತೇ ಆಗಲ್ಲ. ಕಂಪನಿ ಹೇಳಿರೋ ತೂಕಕ್ಕಿಂತ ಇನ್ನೂರು ಮುನ್ನೂರು ಪೌಂಡು ಜಾಸ್ತಿ ಬಂದ್ರೆ, ಎಲ್ಲಿಂದ ಬಂತು ಅಂತ ಕೇಳಿ.

ಗ್ಯಾರೇಜೂ ಅಳೀರಿ. ಬೋಟು 17 ಅಡಿ ಅಂದ್ರೂ ಹಿಂದೆ ಮೋಟಾರು ಮುಂದೆ ಟ್ರೇಲರಿನ ಮೂಗು ಸೇರಿ ಇಪ್ಪತ್ತರ ಮೇಲೆ ಹೋಗತ್ತೆ. ಮಡಚೋ ಮೂಗಿನ ಟ್ರೇಲರ್ ಇದ್ರೆ ಎರಡಡಿ ಉಳಿಯತ್ತೆ. ಸುಮಾರು ಕಾಲೋನಿಗಳಲ್ಲಿ ಮನೆ ಮುಂದೆ ಬೋಟು ನಿಲ್ಲಿಸ್ಬಾರ್ದು ಅಂತ ರೂಲ್ಸು, ಎರಡೇ ವಾರಕ್ಕೆ ನಮ್ಮನೆಗೂ ಕಾಗದ ಬಂದಿತ್ತು.

ಸೆಕೆಂಡ್ ಹ್ಯಾಂಡ್ ನೋಡುವಾಗ ನಾನು ಮಾಡೋದು ಹೇಳ್ತೀನಿ. ಮೋಟಾರಿನ ಕೆಳಗಿನ ತುದಿ ಎರಡು ಕೈಲಿ ಹಿಡಿದು ಮೇಲಕ್ಕೂ ಕೆಳಕ್ಕೂ ಜೋರಾಗಿ ಅಲ್ಲಾಡ್ಸಿ, ಅದೇ ಹೊತ್ತಿಗೆ ಇನ್ನೊಬ್ಬರು ಬೋಟಿನ ಹಿಂದಿನ ಗೋಡೆ, ಅದೇ ಟ್ರಾನ್ಸಮ್ಮು, ನೋಡ್ತಿರ್ಲಿ. ಆ ಗೋಡೆ ಉಸಿರಾಡಿದ ಹಾಗೆ ಒಳಗೆ ಹೊರಗೆ ಆದ್ರೆ ಒಳಗಿನ ಪ್ಲೈವುಡ್ ಕೊಳೆತಿದೆ ಅಂತಾನೇ ಅರ್ಥ, ಅಲ್ಲಿಂದ ಮನೆಗೆ ಬನ್ನಿ. ಗೇರ್ ಆಯಿಲಿನ ಸ್ಕ್ರೂ ಸ್ವಲ್ಪ ಸಡ್ಲಿಸಿ ನಾಲ್ಕು ಹನಿ ಬೀಳಿಸಿ ನೋಡಿ, ಹಾಲು ಹಾಕಿದ ಕಾಫಿ ಬಣ್ಣ ಇದ್ರೆ ಒಳಗೆ ನೀರು ಹೋಗಿದೆ. ಟ್ರೇಲರ್ ಟೈರಿನ ಪಕ್ಕದಲ್ಲಿ DOT ಅನ್ನೋ ಅಕ್ಷರದ ಸಾಲಲ್ಲಿ ಕೊನೇ ನಾಲ್ಕು ಅಂಕಿ ಓದಿ, 3217 ಅಂತಿದ್ರೆ 2017ರ 32ನೇ ವಾರದ್ದು, ಎಷ್ಟೇ ಮಿಂಚ್ತಿದ್ರೂ ಅದನ್ನ ಬದಲಾಯಿಸೋ ದುಡ್ಡು ರೇಟಲ್ಲಿ ಕಮ್ಮಿ ಮಾಡ್ಸಿ. ಬೋಟಿನ ಹಿಂದೆ ಬಲಗಡೆ ಮೇಲೆ 12 ಅಕ್ಷರದ ನಂಬರ್ ಇರತ್ತೆ, ಕೊನೇ ಎರಡು ಅಂಕಿ ಮಾಡೆಲ್ ವರ್ಷ, ಕಾಗದದಲ್ಲಿ ಇರೋದಕ್ಕೂ ಅದಕ್ಕೂ ತಾಳೆ ಆಗ್ಬೇಕು. ರಿವೆಟ್ಟಿನ ಬೋಟಾದ್ರೆ ನೀರು ಬಸಿಯೋ ತೂತಿಗೆ ಹಾಕೋ ಬಿರಡೆ, ಅದೇ ಡ್ರೇನ್ ಪ್ಲಗ್, ಹಾಕಿ ಟ್ರೇಲರ್ ಮೇಲೇನೇ ಒಳಗೆ ಒಂದೆರಡು ಇಂಚು ನೀರು ಬಿಟ್ಟು ಕೆಳಗೆ ಬಗ್ಗಿ ನೋಡಿ, ಎಲ್ಲಿ ಹನಿ ಬೀಳತ್ತೋ ಅಲ್ಲಿ ಚಾಕ್‌ಪೀಸಲ್ಲಿ ಗುರುತು ಹಾಕಿ. ಕೆಂಪು ಬೋಟಿಗೆ ನಾನು ಹಾಕಿದ ಗುರುತು ಮೂರು, ಅದೇನು ದೊಡ್ಡದಲ್ಲ, ಆದ್ರೆ "ಒಂದು ಹನೀನೂ ಸೋರಲ್ಲ" ಅಂದಿದ್ದ ಮಾರೋನ ಮುಖ ನೋಡ್ಬೇಕಿತ್ತು.

ಕಾನೂನು ಚುಟುಕಾಗಿ. ಮಿನೆಸೋಟದಲ್ಲಿ ಬೋಟು ಓಡ್ತಿರುವಾಗ 10 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ಹಾಕಿರಲೇಬೇಕು, ಉಳಿದೋರಿಗೆ ತಲೆಗೊಂದು ಬೋಟಲ್ಲಿ ಇರ್ಬೇಕು, 16 ಅಡಿ ಮೇಲಿನ ಬೋಟಲ್ಲಿ ನೀರಿಗೆ ಬಿದ್ದೋರಿಗೆ ಎಸೆಯೋ ಥರದ್ದೂ ಒಂದು. ಜಾಕೆಟ್ ಇಡೋಕೆ ಕೈಗೆ ಸಿಗೋ ಜಾಗ ಯಾವ ಬೋಟಲ್ಲಿದೆ ಅಂತಾನೂ ನೋಡಿ, ಗಾಳದ ಕೋಲಿಡೋ ಲಾಕರು ಎಂಟಡಿ ಇದ್ದು ಜಾಕೆಟ್ಟಿಗೆ ಜಾಗ ಇಲ್ಲದ ಬೋಟು ತುಂಬ ಇದಾವೆ. ಓಡಿಸೋನು ಕಿಲ್ ಸ್ವಿಚ್ಚಿನ (ಅವನು ಬಿದ್ರೆ ಮೋಟಾರು ತಾನಾಗೇ ನಿಲ್ಸೋ ಸ್ವಿಚ್ಚು) ದಾರ ಹಾಕ್ಕೊಬೇಕು ಅನ್ನೋದು 2021 ಏಪ್ರಿಲ್‌ನಿಂದ ಇಡೀ ದೇಶಕ್ಕೆ ರೂಲು. ಬೋಟು ಓಡ್ಸೋ ಪರ್ಮಿಟ್ಟು 2025ರ ಜುಲೈಯಿಂದ ಹಂತಹಂತವಾಗಿ ಬರ್ತಿದೆ, 1987ರ ಜೂನ್ ಆದ್ಮೇಲೆ ಹುಟ್ಟಿದೋರಿಗೆಲ್ಲ 2028ರ ಹೊತ್ತಿಗೆ ಬೇಕಾಗತ್ತೆ, ಆನ್‌ಲೈನ್ ಕೋರ್ಸು ಈಗಲೇ ಮುಗಿಸ್ಬಿಡಿ. ಕೆರೆಯಿಂದ ತೆಗೆದ್ಮೇಲೆ ಡ್ರೇನ್ ಪ್ಲಗ್ ಕಿತ್ತು ನೀರು ಪೂರ್ತಿ ಬಸಿದೇ ರೋಡಿಗೆ ಇಳೀಬೇಕು, ಝೀಬ್ರಾ ಮಸಲ್ ಅನ್ನೋ ಚಿಪ್ಪು ಒಂದು ಕೆರೆಯಿಂದ ಇನ್ನೊಂದಕ್ಕೆ ಹರಡ್ಬಾರ್ದು ಅಂತ. ಮತ್ತೆ ಇಳಿಸುವಾಗ ಹಾಕೋದು ಮರೀತೀವಿ, ನಾನು ಪ್ಲಗ್ಗನ್ನ ಬೋಟಿನ ಕೀಗೇ ಕಟ್ಟಿಟ್ಟಿದೀನಿ.

ಟೆಸ್ಟಿಗೆ ಹೋದ ದಿನ ಗಾಳಿ ಇದ್ರೆ ಒಳ್ಳೇದು, ಕ್ಯಾನ್ಸಲ್ ಮಾಡ್ಬೇಡಿ. ನಾವು ಹೋದಾಗ ಲೇಕ್ ಮಿನೆಟೊಂಕಾದಲ್ಲಿ ಶನಿವಾರ, ದೊಡ್ಡ ಬೋಟುಗಳು ಎಬ್ಬಿಸಿದ ಅಲೆಯೇ ಸಾಕಿತ್ತು. ಮಧ್ಯಕ್ಕೆ ಹೋಗಿ ಮೋಟಾರು ಆಫ್ ಮಾಡಿ, ಎಲ್ಲರೂ ಒಂದೇ ಪಕ್ಕ ನಿಂತ್ಕೊಂಡು ಎಷ್ಟು ವಾಲತ್ತೆ ನೋಡಿದ್ವಿ. ಕೆಂಪು ಬೋಟು ವಾಲಿದ ತಕ್ಷಣ ಮಗ ನನ್ನ ಅಂಗಿ ಹಿಡ್ಕೊಂಡ. ಬೂದಿ ಬೋಟಲ್ಲಿ ಅವನು ಹಿಡಿದಿದ್ದು ಚಕ್ಲಿ ಪ್ಯಾಕೆಟ್ಟು. ಹೆಂಡತಿ ಮುಂದಿನ ಸೀಟಿಗೆ ಹೋಗಿ ಕಾಲು ಚಾಚಿ ಕೂತು, ಹಿಂದೆ ತಿರುಗಿ, "ಮುಂದಿನ ಸಲ ಅಮ್ಮನ್ನೂ ಕರ್ಕೊಂಡು ಬರೋಣ ರೀ" ಅಂದ್ಲು. ಎರಡು ಸಾವಿರ ಡಾಲರ್ ಯಾಕೆ ಜಾಸ್ತಿ ಅಂತ ಆಮೇಲೆ ನಾನು ಲೆಕ್ಕ ಹಾಕೋಕೆ ಹೋಗ್ಲಿಲ್ಲ, ಚೌಕಾಸಿ ಮಾತ್ರ ಬಿಡ್ಲಿಲ್ಲ, ಟ್ರೇಲರ್ ಟೈರ್ ತೋರಿಸಿ ನಾನೂರು ಇಳಿಸ್ದೆ.

ಕೊಳ್ಳೋ ಟೈಮು ಇನ್ನೊಂದು ಉಳೀತು. ಅಕ್ಟೋಬರ್ ನವೆಂಬರಲ್ಲಿ ರೇಟು ಇಳಿಯತ್ತೆ, ಚಳಿಗಾಲಕ್ಕೆ ಮೋಟಾರು ರೆಡಿ ಮಾಡಿ ಆರು ತಿಂಗಳು ಎಲ್ಲೋ ಇಡೋ ಖರ್ಚು ಮಾರೋನಿಗೆ ಬೇಡ. ತೊಂದ್ರೆ ಏನಂದ್ರೆ ಕೆರೆ ಹೆಪ್ಪುಗಟ್ಟಿದ ಮೇಲೆ ನೀರಲ್ಲಿ ಓಡಿಸಿ ನೋಡೋಕಾಗಲ್ಲ. ಆ ಟೈಮಲ್ಲಿ ಕೊಳ್ಳೋದಾದ್ರೆ ಸ್ವಲ್ಪ ದುಡ್ಡು ತಡೆದಿಟ್ಟು, ಏಪ್ರಿಲ್ ಮೇ ತಿಂಗಳಲ್ಲಿ ನೀರಿಗಿಳಿಸಿ ನೋಡಿ ಸರಿ ಇದ್ರೆ ಉಳಿದಿದ್ದು ಕೊಡ್ತೀನಿ ಅಂತ ಕಾಗದದಲ್ಲಿ ಬರೆಸ್ಕೊಳಿ. ಒಪ್ಪದೇ ಇರೋನ ಬೋಟು ಎಷ್ಟೇ ಅಗ್ಗ ಇದ್ರೂ ನಾನಂತೂ ಮುಟ್ಟಲ್ಲ.